‘ಈಸಿ ಟ್ರೆಕ್, ಮಕ್ಕಳೂ ಹೋಗಬಹುದು’ ಅಂದರೆ ನಂಬಿ ಹೊರಡಬೇಡಿ

ದಸರಾ ರಜೆಗೆ ಮೂಡಿಗೆರೆ ಕಡೆ ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಓದಿ. ಹೋದ ವರ್ಷ ಇದೇ ರಜೆಯಲ್ಲಿ ಹಾಸನದಿಂದ ನಾವು ಐದು ಜನ ಹೋಗಿದ್ದೆವು. ನಾನು, ನಮ್ಮನೆಯವರು, 11 ವರ್ಷದ ಮಗಳು, 6 ವರ್ಷದ ಮಗ ಮತ್ತು ನಮ್ಮ ಅತ್ತೆ. ಉಳಿದುಕೊಂಡಿದ್ದ ಹೋಂಸ್ಟೇಯವರು ಬೆಳಿಗ್ಗೆ ಅಕ್ಕಿರೊಟ್ಟಿ ಬಡಿಸುತ್ತಾ, ‘ಇಲ್ಲೇ 2 ಕಿಲೋಮೀಟರ್‌ನಲ್ಲಿ ಅಬ್ಬಿ (ಜಲಪಾತ) ಇದೆ, ಈಸಿ ಟ್ರೆಕ್, ಮಕ್ಕಳೂ ಹೋಗಬಹುದು’ ಅಂದರು. ಜೊತೆಗೆ ಯಾರನ್ನೂ ಕಳಿಸಲಿಲ್ಲ. ನಾವೂ ಕೇಳಲಿಲ್ಲ. ಅಬ್ಬಿಯ ಹೆಸರು ಬೇಕಂತಲೇ ಬರೆದಿಲ್ಲ. ಬರೆದರೆ ಅದೊಂದನ್ನು ಬಿಟ್ಟು ಪಕ್ಕದ್ದಕ್ಕೆ ಹೋಗುತ್ತೀರಿ, ಅಲ್ಲಿನ ಹಳ್ಳವೂ ಹೀಗೇ ಇರುತ್ತದೆ.

ದಾರಿ ನಿಜಕ್ಕೂ ಸುಲಭವಾಗಿತ್ತು. ಕಾಫಿ ತೋಟ ದಾಟಿ ಕಾಡು ಹೊಕ್ಕ ಮೇಲೆ ಒಂದೇ ಒಂದು ಹಳ್ಳ. ನೀರು ಪಾದ ಮುಳುಗುವಷ್ಟು, ನಡುವೆ ಕಾಲಿಡಲು ಮೂರು ಒಣಗಿದ ಕಲ್ಲು. ಅತ್ತೆ ಸೀರೆ ಒಂದಿಷ್ಟೂ ನೆನೆಯದ ಹಾಗೆ ದಾಟಿದರು. ಆಗ ಗಂಟೆ 11. ಚೆನ್ನಾಗಿ ಬಿಸಿಲಿತ್ತು. ಅಬ್ಬಿಯ ಹತ್ತಿರ ಕೂತು ಕಟ್ಟಿಸಿಕೊಂಡು ಬಂದಿದ್ದ ಪುಳಿಯೋಗರೆ ತಿಂದು, ಮಕ್ಕಳು ಕಾಲು ಇಳಿಬಿಟ್ಟು ಆಡುತ್ತಿದ್ದಾಗ ಒಂದೂವರೆ.

ಮೊದಲು ಗಮನಿಸಿದ್ದು ಮಗಳು. ‘ಅಮ್ಮಾ, ಎಲೆ ಜಾಸ್ತಿ ಬರ್ತಾ ಇದೆ’ ಅಂದಳು. ನೋಡಿದರೆ ಒಣ ಎಲೆ, ಪುಡಿ ಕಡ್ಡಿ, ಒಂದು ಹಸಿ ಕೊಂಬೆ ಒಟ್ಟಿಗೇ ತೇಲಿ ಬರುತ್ತಿದ್ದವು. ಐದೇ ನಿಮಿಷದಲ್ಲಿ ತಿಳಿ ನೀರು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು, ಸದ್ದೂ ದಪ್ಪವಾಯಿತು. ನಮ್ಮ ತಲೆಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಮೇಲಿನ ಗುಡ್ಡದ ನೆತ್ತಿ ಮಾತ್ರ ಕಪ್ಪಗಾಗಿತ್ತು. ಹಸ್ತ, ಚಿತ್ತೆ ಮಳೆಯ ಸ್ವಭಾವವೇ ಅದು. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಗುಡುಗು. ಅಲ್ಲಿ ಸುರಿದದ್ದು ನಾಲ್ಕಾರು ಕಣಿವೆಗಳಿಂದ ಇಳಿದು ಈ ಒಂದು ಹಳ್ಳಕ್ಕೇ ಸೇರುತ್ತದೆ.

ಓಡಿ ಬಂದು ನೋಡಿದರೆ ಬೆಳಗಿನ ಮೂರು ಕಲ್ಲು ಕಾಣಲೇ ಇಲ್ಲ. ನಮ್ಮನೆಯವರು ‘ಮೊಣಕಾಲುದ್ದ ಇರಬಹುದು ಅಷ್ಟೇ, ನೋಡ್ತೀನಿ’ ಅಂತ ಒಂದು ಹೆಜ್ಜೆ ಇಟ್ಟರು. ಎರಡನೆಯದಕ್ಕೆ ಕಾಲಡಿಯ ಕಲ್ಲೇ ಉರುಳಿತು. ಬಿದ್ದವರಿಗೆ ದಡದ ಮರದ ಬೇರು ಕೈಗೆ ಸಿಕ್ಕಿತು, ಅದರಿಂದ ಇವತ್ತು ಅವರು ನಮ್ಮ ಜೊತೆ ಇದ್ದಾರೆ. ಒಂದು ಶೂ, ಮೊಬೈಲು ಹೋಯಿತು, ಪಾದದ ಕೀಲು ತಿರುಚಿತು. ಮಗನನ್ನು ಎತ್ತಿಕೊಂಡು ಇಳಿಯಬೇಕು ಅಂತ ಮೊದಲು ಯೋಚಿಸಿದ್ದರು ಅನ್ನುವುದನ್ನು ನೆನೆದರೆ ಈಗಲೂ ನನಗೆ ಮೈ ನಡುಗುತ್ತದೆ.

ನನ್ನ ಫೋನಿನಲ್ಲಿ ನೆಟ್‌ವರ್ಕ್ ಇರಲಿಲ್ಲ. 112ಕ್ಕೂ ಕಾಲ್ ಹೋಗಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಆಚೆ ದಡದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿದ ತೋಟದ ಕೆಲಸದ ಹಿರಿಯರೊಬ್ಬರು ಕಂಡರು. ನೀರಿನ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ‘ಮೇಲೆ ಹೋಗಿ’ ಅಂತ ಕೈ ಸನ್ನೆ ಮಾಡಿ, ಅವರು ಸುತ್ತು ಹಾಕಿ ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ) ದಾಟಿ ನಮ್ಮ ಕಡೆ ಬಂದರು. ‘ಅಮ್ಮಾರೆ, ಕೆಂಪು ನೀರು ಬಂದ್ಮೇಲೆ ನಾವೂ ಇಳಿಯಲ್ಲ. ಕಾಲುಸಂಕ ಇದೆ ಅಂತ ನಿಮಗ್ಯಾರೂ ಹೇಳ್ಲಿಲ್ವಾ?’ ಅಂದರು. ಯಾರೂ ಹೇಳಿರಲಿಲ್ಲ. ನಮ್ಮನೆಯವರನ್ನು ಹೆಗಲಿಗೆ ಆನಿಸಿಕೊಂಡು ಅವರೇ ದಾರಿ ತೋರಿಸಿದರು. ತೋಟ ಮುಟ್ಟುವಾಗ ಕತ್ತಲು.

ಇನ್ನೊಂದು ಮಾತು, ಇದನ್ನು ಯಾರೂ ಬರೆಯುವುದಿಲ್ಲ. ಅತ್ತೆ ಹೃದಯದ ತೊಂದರೆಗೆ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಉಂಬಳ (ಕಾಡಿನ ಜಿಗಣೆ) ಕಚ್ಚುವಾಗಲೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವನ್ನು ಗಾಯಕ್ಕೆ ಬಿಡುತ್ತದೆ. ಅವರ ಕಾಲಲ್ಲಿ ಏಳು ಕಡೆ ಕಚ್ಚಿತ್ತು. ಸುಣ್ಣ ಮುಟ್ಟಿಸಿ ಉಂಬಳ ಬಿಡಿಸಿದೆವು, ರಕ್ತ ಮಾತ್ರ ನಿಲ್ಲಲಿಲ್ಲ. ಬಟ್ಟೆ ಬದಲಿಸುತ್ತಾ ಬದಲಿಸುತ್ತಾ ಕೊನೆಗೆ ರಾತ್ರಿ ಆಸ್ಪತ್ರೆಗೇ ಹೋಗಬೇಕಾಯಿತು. ಇಂಥ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಮಳೆಗಾಲದ ಕಾಡಿಗೆ ಹೋಗುವ ಮುನ್ನ ಡಾಕ್ಟರನ್ನು ಕೇಳಿ.

ಹೋಗಲೇಬೇಕು ಅಂತಿದ್ದರೆ ‘ಎಷ್ಟು ದೂರ’ ಅಂತ ಕೇಳಬೇಡಿ. ‘ಹಳ್ಳ ಎಷ್ಟು ಸಲ ದಾಟಬೇಕು, ನೀರು ಬಂದರೆ ಬೇರೆ ದಾರಿ ಯಾವುದು’ ಅಂತ ಕೇಳಿ. ಊರಿನವರೊಬ್ಬರು ಜೊತೆಗೆ ಬರದಿದ್ದರೆ ಹೊರಡಬೇಡಿ. ಬೆಳಿಗ್ಗೆ ಬೇಗ ಹೋಗಿ ಮಧ್ಯಾಹ್ನಕ್ಕೆ ಮುಂಚೆ ಹಳ್ಳದ ಈಚೆ ಇರಿ. ನೀರಿನ ಬಣ್ಣ ಬದಲಾದರೆ ಬ್ಯಾಗು, ಚಪ್ಪಲಿ ಹುಡುಕದೆ ಎತ್ತರಕ್ಕೆ ಹತ್ತಿ. ಹಳ್ಳ ತುಂಬಿದ್ದರೆ ಆಚೆ ದಡ ಹತ್ತು ಹೆಜ್ಜೆ ಇದ್ದರೂ ಇಳಿಯಬೇಡಿ, ಕಾಯಿರಿ. ಇಂಥ ಸಣ್ಣ ಹಳ್ಳ ಮಳೆ ನಿಂತ ಮೇಲೆ ಇಳಿಯುತ್ತದೆ, ಏರಿದಷ್ಟು ಬೇಗ ಮಾತ್ರ ಅಲ್ಲ.

ಮರುದಿನ ಬೆಳಿಗ್ಗೆ ಹಳ್ಳದಲ್ಲಿ ಮತ್ತೆ ಪಾದ ಮುಳುಗುವಷ್ಟೇ ನೀರು ಅಂತ ಹೋಂಸ್ಟೇಯಲ್ಲಿ ಹೇಳುತ್ತಿದ್ದರು. ಪಕ್ಕದ ಟೇಬಲ್ಲಿನಲ್ಲಿ ಸಣ್ಣ ಕೂಸಿದ್ದ ಒಂದು ಕುಟುಂಬಕ್ಕೆ ಅದೇ ‘ಈಸಿ ಟ್ರೆಕ್’ ಮಾತು. ನಾನು ಎದ್ದು ಹೋಗಿ ಎಲ್ಲ ಹೇಳಿದೆ, ಅತ್ತೆಯ ಬ್ಯಾಂಡೇಜು ತೋರಿಸಿದೆ. ಅವರು ಆಕಾಶ ನೋಡಿದರು. ಬಿಸಿಲು ಚೆನ್ನಾಗಿತ್ತು. ಹೊರಟೇಬಿಟ್ಟರು.