ಸಿಂಗಪುರದಲ್ಲಿ ಶಾಲೆ ಮಕ್ಕಳ ಜೊತೆ: ಬಾಡಿಗೆ ಬಸ್ಸೋ, ಎಂಆರ್‌ಟಿಯೋ?

ಹೈಸ್ಕೂಲ್ ಮಕ್ಕಳನ್ನು ಸಿಂಗಪುರ ತೋರಿಸಲು ಕರೆದುಕೊಂಡು ಹೋದಾಗ ನಾನು ಎರಡೂ ಬಗೆ ನೋಡಿದ್ದೇನೆ. ಒಂದು ಸಲ ಎಲ್ಲ ಕಡೆಗೂ ಬಾಡಿಗೆ ಬಸ್ಸು. ಇನ್ನೊಂದು ಸಲ ಊರೊಳಗೆಲ್ಲ ಎಂಆರ್‌ಟಿ, ಅಂದರೆ ಅಲ್ಲಿನ ಮೆಟ್ರೋ ರೈಲು. ಪೋಷಕರ ಸಭೆಯಲ್ಲಿ ಕೇಳಿದರೆ ಓಟೆಲ್ಲ ಬಸ್ಸಿಗೇ ಬೀಳುತ್ತದೆ. ನನ್ನ ಓಟು ರೈಲಿಗೆ, ಒಂದೆರಡು ಕಡೆ ಬಿಟ್ಟು.

ಬಸ್ಸಿನಲ್ಲಿ ದೊಡ್ಡ ಸುಖ ಅಂದರೆ ತಲೆ ಎಣಿಸುವುದು. ಸೀಟುಗಳ ನಡುವೆ ಒಂದು ಸಲ ನಡೆದರೆ ಲೆಕ್ಕ ಮುಗಿಯಿತು. ಚಾಂಗಿ ಏರ್‌ಪೋರ್ಟಿನಿಂದ ಸೂಟ್‌ಕೇಸ್‌ಗಳ ಜೊತೆ ಹೋಟೆಲಿಗೆ ಹೋಗುವಾಗ ಬೇರೆ ಯೋಚನೆಯೇ ಬೇಡ. ಮಂಡಾಯ್‌ನ ನೈಟ್ ಸಫಾರಿಗೂ ಅಷ್ಟೇ. ಅಲ್ಲಿಗೆ ರೈಲಿಲ್ಲ. ಖತೀಬ್ ಸ್ಟೇಷನ್ನಿನಲ್ಲಿ ಇಳಿದು ಶಟಲ್ ಬಸ್ ಹಿಡಿಯಬೇಕು. ಸಫಾರಿ ಶುರುವಾಗುವುದೇ ಕತ್ತಲಾದ ಮೇಲೆ. ವಾಪಸ್ ಬರುವಾಗ ತೂಕಡಿಸುವ ಮಕ್ಕಳನ್ನು ಬಸ್ಸಿನಿಂದ ರೈಲಿಗೆ ಹತ್ತಿಸುವ ಕಷ್ಟ ಯಾರಿಗೆ ಬೇಕು, ಅಲ್ವಾ?

ಊರೊಳಗೆ ಮಾತ್ರ ಕಥೆ ಬೇರೆ. ಬಸ್ಸು ನಮಗಾಗಿ ಕಾಯುತ್ತಾ ನಿಲ್ಲುವುದಿಲ್ಲ. ಇಳಿಸಿ ಹೋಗುತ್ತದೆ, ಹೇಳಿದ ಹೊತ್ತಿಗೆ ನಾವು ಅಲ್ಲಿರಬೇಕು. ಗಾರ್ಡನ್ಸ್ ಬೈ ದ ಬೇ ಪಾರ್ಕಿನಲ್ಲಿ ಸೂಪರ್‌ಟ್ರೀಗಳ (ಮರದ ಆಕಾರದ ಎತ್ತರದ ಗೋಪುರಗಳ) ದೀಪದ ಶೋ 7.45ಕ್ಕೆ ಒಂದು, 8.45ಕ್ಕೆ ಇನ್ನೊಂದು, ಎರಡೂ ಪುಕ್ಕಟೆ. ಬಸ್ಸಿನ ಸಲ ಮೊದಲನೆಯದು ಮುಗಿದ ಕೂಡಲೇ ಮಕ್ಕಳನ್ನು ಎಳೆದುಕೊಂಡು ಹೊರಟೆವು. ರೈಲಿನ ಸಲ ಎರಡನ್ನೂ ನೋಡಿ, ಬೇಫ್ರಂಟ್ ಸ್ಟೇಷನ್ನಿಗೆ ಆರಾಮಾಗಿ ನಡೆದೆವು. ಬಸ್ಸಿನ ಗೈಡ್ ನಮ್ಮನ್ನು ಕೇಳದೇ ಚಾಕೊಲೇಟ್ ಅಂಗಡಿಗೆ ಒಯ್ದು ಸುಮ್ನೆ ಹೊತ್ತು ಕಳೆದದ್ದು ಬೇರೆ.

ರೈಲಿನಲ್ಲಿ ಇರುವ ನಿಜವಾದ ಭಯ ಒಂದೇ. ಬಾಗಿಲು ಮುಚ್ಚಿ ಅರ್ಧ ಮಕ್ಕಳು ಒಳಗೆ, ಅರ್ಧ ಹೊರಗೆ. ಅದಕ್ಕೇ ಬೆಂಗಳೂರು ಬಿಡುವ ಮೊದಲೇ ನಿಯಮ ಹೇಳಿದ್ದೆವು: ಒಳಗಿರುವವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಪ್ಲಾಟ್‌ಫಾರ್ಮಿನಲ್ಲೇ ನಿಲ್ಲಬೇಕು, ಹೊರಗಿರುವವರು ಮುಂದಿನ ರೈಲು ಹತ್ತಬೇಕು. ಮೂರು ಲೈನ್ ಸೇರುವ ಧೋಬಿ ಘಾಟ್‌ನಲ್ಲಿ ಹಾಗೇ ಆಯಿತು. ಮುಂದಿನ ಸ್ಟೇಷನ್ ಲಿಟಲ್ ಇಂಡಿಯಾ. ನಾವು ಇಳಿದಾಗ ಅವರು ಕಂಬದ ಹತ್ತಿರ ಸಾಲಾಗಿ ನಿಂತಿದ್ದರು, ನಮ್ಮನ್ನೇ ಗೇಲಿ ಮಾಡುತ್ತಾ.

ಬಸ್ಸಿನಲ್ಲಿ ಮಕ್ಕಳು ಕಿಟಕಿಯಾಚೆ ನೋಡುವುದು ಕಮ್ಮಿ, ಫೋನೇ ಜಾಸ್ತಿ. ರೈಲಿನಲ್ಲಿ ದಾರಿ ಹುಡುಕುವ ಕೆಲಸವನ್ನು ಅವರಿಗೇ ಕೊಟ್ಟೆವು. ಹಸಿರು ಲೈನಿನಿಂದ ನೇರಳೆ ಲೈನಿಗೆ ಔಟ್ರಮ್ ಪಾರ್ಕ್‌ನಲ್ಲಿ ಬದಲಾಯಿಸಬೇಕು ಅಂತ ಒಬ್ಬ ಹುಡುಗಿ ನಮಗಿಂತ ಮೊದಲೇ ಹೇಳಿದಳು. ಬಸ್ಸಿನ ಸಲ ಯಾವ ಮಗುವಿಗೂ ಹೋಟೆಲ್ ಯಾವ ದಿಕ್ಕಿಗಿದೆ ಅಂತಲೂ ಗೊತ್ತಿರಲಿಲ್ಲ.

ತಿಂಡಿ ವಿಷಯದಲ್ಲಿ ರೈಲು ಕಟ್ಟುನಿಟ್ಟು. ಸ್ಟೇಷನ್ನಿನಲ್ಲೂ ತಿನ್ನುವ ಹಾಗಿಲ್ಲ, ನೀರೂ ಕುಡಿಯುವ ಹಾಗಿಲ್ಲ. ದಂಡ 500 ಸಿಂಗಪುರ ಡಾಲರ್‌ವರೆಗೆ. ಚಕ್ಕುಲಿ ಡಬ್ಬಿ ಬ್ಯಾಗಿನಲ್ಲೇ ಇರಲಿ. ನಮ್ಮ ಬಸ್ಸಿನಲ್ಲಿ ನೀರಿಗಾದರೂ ತಕರಾರಿರಲಿಲ್ಲ, ಅಲ್ಲಿನ ಸೆಖೆಗೆ ಅದು ಸಣ್ಣ ಮಾತಲ್ಲ. ರೈಲಿನಲ್ಲಿ ಒಂದೇ ಟಿಕೆಟ್ ಕಾರ್ಡಿನಲ್ಲಿ ಇಬ್ಬರು ಹೋಗುವಂತೆಯೂ ಇಲ್ಲ. ಒಬ್ಬೊಬ್ಬರಿಗೂ ಬೇರೆ ಕಾರ್ಡು ಕೊಟ್ಟು, ಕೊರಳಿನ ಐಡಿ ಕವರಿನಲ್ಲೇ ಇಡಿಸಿ. ಕಳೆಯುವುದು ಕಮ್ಮಿಯಾಗುತ್ತದೆ.

ಐದಾರು ಮಕ್ಕಳಿಗೆ ಒಬ್ಬ ದೊಡ್ಡವರು ಸಿಗುವಂತಿದ್ದರೆ ಮಾತ್ರ ರೈಲು. ಪ್ರೈಮರಿ ಮಕ್ಕಳಾದರೆ ಪೂರ್ತಿ ಬಸ್ಸೇ ಮಾಡಿ, ಆದರೆ ಅಂಗಡಿ ನಿಲುಗಡೆ ಬೇಡ ಅಂತ ಬುಕ್ ಮಾಡುವಾಗಲೇ ಬರೆಸಿಕೊಳ್ಳಿ.