ಒಂದು ದಿನದ ಆಯ್ಕೆಯೋ, ತಿಂಗಳುಗಳ ಗಮನವೋ: ಎಳೆಯ ಫುಟ್‌ಬಾಲ್ ಪ್ರತಿಭೆಯನ್ನು ಗುರುತಿಸುವ ಎರಡು ದಾರಿಗಳು

ಮೈಸೂರಿನಲ್ಲಿ 13 ವರ್ಷದೊಳಗಿನವರ ತಂಡ ಕಟ್ಟಲು ಹೊರಟ ತರಬೇತುದಾರರು ಒಂದೇ ದಿನದ ಆಯ್ಕೆ ಶಿಬಿರವನ್ನು ನಡೆಸಬಹುದು, ಇಲ್ಲವೇ ಶಾಲಾ ಪಂದ್ಯಗಳಲ್ಲಿ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಬಹುದು.

ಶಿಬಿರಕ್ಕೆ ಖರ್ಚು ಕಡಿಮೆ. ನಂಜನಗೂಡು, ಮದ್ದೂರಿನ ಮಕ್ಕಳನ್ನೂ ಚಾಮುಂಡಿ ವಿಹಾರದಂತಹ ಒಂದೇ ಮೈದಾನದಲ್ಲಿ ನೋಡಬಹುದು. ಆದರೆ ಅಲ್ಲಿ ಬೇಗ ಬೆಳೆದವರೇ ಮೊದಲು ಕಣ್ಣಿಗೆ ಬೀಳುತ್ತಾರೆ. ಹುಡುಗರ ಎತ್ತರ ಅತಿ ವೇಗವಾಗಿ ಹೆಚ್ಚುವುದು ಸರಾಸರಿ 14ರ ಆಸುಪಾಸಿನಲ್ಲಿ, ಹುಡುಗಿಯರದು 12ರ ಸುಮಾರಿಗೆ. ಜೊತೆಗೆ, ಜನವರಿ 1ರಿಂದ ವಯಸ್ಸನ್ನು ಎಣಿಸುವಾಗ ವರ್ಷದ ಆರಂಭದಲ್ಲಿ ಹುಟ್ಟಿದವರಿಗೆ ಡಿಸೆಂಬರ್‌ನಲ್ಲಿ ಹುಟ್ಟಿದವರಿಗಿಂತ ಹೆಚ್ಚುಕಡಿಮೆ ಒಂದು ವರ್ಷದ ಬಲ ಸಿಕ್ಕಿರುತ್ತದೆ. ಬಾಲ್ಯದ ತೀರ್ಪು ತಪ್ಪಲೂಬಹುದು: ಇಂಗ್ಲೆಂಡಿನ ಕ್ಲಬ್ ಆರ್ಸೆನಲ್ ಬಾಲ್ಯದಲ್ಲೇ ಕೈಬಿಟ್ಟ ಹ್ಯಾರಿ ಕೇನ್, 2018ರ ವಿಶ್ವಕಪ್‌ನಲ್ಲಿ 6 ಗೋಲು ಹೊಡೆದು ಗೋಲು ಗಳಿಕೆಯಲ್ಲಿ ಅಗ್ರಸ್ಥಾನ ಪಡೆದರು.

ದೀರ್ಘ ಗಮನಕ್ಕೆ ಸಮಯವೂ ಅನುಭವವುಳ್ಳ ಕಣ್ಣುಗಳೂ ಬೇಕು. ಸಣ್ಣ ಶಾಲೆಗಳಿಗೆ ಇದು ನಿಜಕ್ಕೂ ಕಷ್ಟ. ಆದರೂ ಚೆಂಡು ತನ್ನ ಬಳಿ ಬರುವ ಮೊದಲೇ ಸುತ್ತ ನೋಡುವ, ಚೆಂಡು ಕಳೆದುಕೊಂಡ ಕೂಡಲೇ ಹಿಂದಿರುಗಿ ಓಡುವ, ಸೋಲುತ್ತಿರುವಾಗಲೂ ಜೊತೆಗಾರರನ್ನು ಹುರಿದುಂಬಿಸುವ ಮಗು ಯಾವುದೆಂಬುದು ಹೀಗೆ ನೋಡಿದಾಗಲೇ ಖಚಿತವಾಗುತ್ತದೆ. ಡಚ್ ಕ್ಲಬ್ ಅಯಾಕ್ಸ್ ತಾಂತ್ರಿಕ ಕೌಶಲ, ಆಟದ ಅರಿವು, ವ್ಯಕ್ತಿತ್ವ, ವೇಗ ಎಂಬ ನಾಲ್ಕು ಗುಣಗಳನ್ನು ಅರಸುವುದಕ್ಕೆ ಹೆಸರಾಗಿದೆ. ನಡುವಿನ ಎರಡು ಒಂದು ದಿನದಲ್ಲಿ ಕಾಣುವುದು ಅಪರೂಪ.

ಎಳೆಯರಿಗೆ ಎರಡನೆಯದನ್ನೇ ಆರಿಸಿಕೊಳ್ಳಿ ಎಂಬುದು ನನ್ನ ದೃಢ ಅಭಿಪ್ರಾಯ. ದೇಹದ ಬೆಳವಣಿಗೆ ಬಹುಪಾಲು ಮುಗಿದಿರುವ 17ರ ನಂತರದವರಿಗೆ ಶಿಬಿರ ಅಷ್ಟು ಅನ್ಯಾಯ ಮಾಡದು. ಶಿಬಿರ ಅನಿವಾರ್ಯವಾದರೆ ಓಟದ ಪರೀಕ್ಷೆಗಿಂತ ನಾಲ್ಕು ನಾಲ್ಕು ಮಕ್ಕಳ ಕಿರುಪಂದ್ಯಗಳನ್ನು ಆಡಿಸಿ, ಹುಟ್ಟಿದ ತಿಂಗಳನ್ನು ಪಟ್ಟಿಯಲ್ಲಿ ಬರೆದುಕೊಳ್ಳಿ, ಆಯ್ಕೆಯಾಗದವರನ್ನು ಆರು ತಿಂಗಳ ನಂತರ ತಪ್ಪದೆ ಮತ್ತೆ ಕರೆಯಿರಿ.