ಪೈನ್‌ಪುಟ್: ಕೀಬೋರ್ಡ್, ಮೌಸ್ ಹಿಡಿಯುವ ಪೈಥಾನ್ ಲೈಬ್ರರಿಯನ್ನು ಎಷ್ಟು ನಂಬಬಹುದು?

ನಮ್ಮ ವಿಂಡೋ ಮುಂದೆ ಇಲ್ಲದಿದ್ದಾಗಲೂ ಯಾವ ಕೀ ಒತ್ತಿದರು, ಮೌಸ್ ಎಲ್ಲಿ ಕ್ಲಿಕ್ ಆಯಿತು ಅಂತ ಪೈಥಾನ್‌ನಿಂದ ತಿಳಿಯಬೇಕಾದರೆ ಹೆಚ್ಚಿನವರು ಮೊದಲು ಹಾಕಿಕೊಳ್ಳುವುದು ಪೈನ್‌ಪುಟ್. ಪೈಥಾನ್ ಪ್ಯಾಕೇಜ್ ಹಾಕುವ ಪಿಪ್‌ನಿಂದ ಒಂದೇ ಸಾಲಿನಲ್ಲಿ ಬರುತ್ತದೆ, ದುಡ್ಡಿಲ್ಲ, ಎಲ್‌ಜಿಪಿಎಲ್ 3 ಎಂಬ ಮುಕ್ತ ಲೈಸೆನ್ಸ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಒಂದೇ ಕೋಡ್ ಸಾಕು ಎಂಬ ಭರವಸೆಯೂ ಇದೆ. ಕೋಡ್ ಒಂದೇ ಆದರೂ ಕೆಳಗಿರುವ ಆಪರೇಟಿಂಗ್ ಸಿಸ್ಟಂ ತನ್ನ ನಿಯಮ ಬಿಟ್ಟುಕೊಡುವುದಿಲ್ಲ. ಅದನ್ನು ತಿಳಿದು ಬಳಸುವವರಿಗೆ ಇದು ಒಳ್ಳೆಯ ಸಾಧನ, ತಿಳಿಯದೆ ಬಳಸಿದರೆ ಇಡೀ ಗಣಕವೇ ತಡವರಿಸುತ್ತದೆ.

ಕಲಿಯಬೇಕಾದದ್ದು ಕಡಿಮೆ. ಕೀಬೋರ್ಡ್‌ಗೊಂದು, ಮೌಸ್‌ಗೊಂದು ಮಾಡ್ಯೂಲ್. ಎರಡರಲ್ಲೂ ಘಟನೆ ಕೇಳಿಸಿಕೊಳ್ಳಲು ಲಿಸನರ್, ನಾವೇ ಒತ್ತಲು ಕಂಟ್ರೋಲರ್. ಕೀ ಒತ್ತಿದಾಗ ಒಂದು ಫಂಕ್ಷನ್, ಬಿಟ್ಟಾಗ ಇನ್ನೊಂದು. ಮೌಸ್‌ಗೆ ಚಲನೆ, ಕ್ಲಿಕ್, ಸ್ಕ್ರಾಲ್ ಅಂತ ಮೂರು. ಫಂಕ್ಷನ್‌ನಿಂದ ಫಾಲ್ಸ್ ಹಿಂತಿರುಗಿಸಿದರೆ ಲಿಸನರ್ ನಿಲ್ಲುತ್ತದೆ. ಸಾಲಾಗಿ ಒಂದೊಂದೇ ಘಟನೆ ಓದುವ ಇವೆಂಟ್ಸ್ ಎಂಬ ಸರಳ ದಾರಿಯೂ ಇದೆ. ಅದಕ್ಕೆ 1 ಸೆಕೆಂಡ್ ಕಾಯಲು ಹೇಳಿದರೆ, ಅಷ್ಟರಲ್ಲಿ ಏನೂ ಆಗದಿದ್ದಾಗ ನನ್ (None), ಅಂದರೆ ‘ಏನೂ ಇಲ್ಲ’ ಎಂಬ ಬೆಲೆ ಕೊಡುತ್ತದೆ. ಸಣ್ಣ ಸ್ಕ್ರಿಪ್ಟ್‌ಗೆ ಇದೇ ವಾಸಿ.

ಈಗ ಮುಖ್ಯ ವಿಷಯ. ವಿಂಡೋಸ್‌ನಲ್ಲಿ ಪೈನ್‌ಪುಟ್ ಲೋ-ಲೆವೆಲ್ ಹುಕ್ ಹಾಕುತ್ತದೆ. ಅಂದರೆ ಬಳಕೆದಾರ ಒತ್ತಿದ ಕೀ ಯಾವುದೇ ಆ್ಯಪ್ ತಲುಪುವ ಮೊದಲು ಲಿಸನರ್‌ನ ಥ್ರೆಡ್ (ಪ್ರೋಗ್ರಾಂ ಒಳಗೆ ಪ್ರತ್ಯೇಕವಾಗಿ ಓಡುವ ಕೆಲಸದ ಎಳೆ) ದಾಟಿ ಹೋಗಬೇಕು. ಅದೇ ಥ್ರೆಡ್‌ನಲ್ಲಿ ಓಡುವ ನಿಮ್ಮ ಫಂಕ್ಷನ್‌ನಲ್ಲಿ ಫೈಲ್ ಬರೆದರೆ, ನೆಟ್‌ವರ್ಕ್ ಕರೆ ಮಾಡಿದರೆ, ಸ್ಲೀಪ್ ಹಾಕಿದರೆ, ವರ್ಡ್‌ನಲ್ಲಿ ಟೈಪ್ ಮಾಡುತ್ತಿರುವವರಿಗೂ ಅಷ್ಟು ಹೊತ್ತು ಅಕ್ಷರ ಮೂಡುವುದಿಲ್ಲ. ವಿಂಡೋಸ್ ಇದನ್ನು ಹೆಚ್ಚು ಹೊತ್ತು ಸಹಿಸುವುದೂ ಇಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಹುಕ್‌ಗೆ ಕಾಯುವ ಅವಧಿ ಇರುತ್ತದೆ. ವಿಂಡೋಸ್ 10ರ 1709 ಆವೃತ್ತಿಯಿಂದ ಅದರ ಗರಿಷ್ಠ ಮಿತಿ 1000 ಮಿಲಿಸೆಕೆಂಡ್. ಅವಧಿ ಮೀರಿದರೆ ವಿಂಡೋಸ್ 7ರಿಂದೀಚೆಗೆ ಹುಕ್ಕನ್ನೇ ಸದ್ದಿಲ್ಲದೆ ಕಿತ್ತು ಹಾಕಬಹುದು. ಎರರ್ ಬರುವುದಿಲ್ಲ, ಲಿಸನರ್ ಥ್ರೆಡ್ ಜೀವಂತವಾಗಿಯೇ ಕಾಣುತ್ತದೆ, ಕೀಗಳು ಮಾತ್ರ ಬರುವುದು ನಿಲ್ಲುತ್ತದೆ. ‘ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಹಾಟ್‌ಕೀ ಕೆಲಸ ಮಾಡಲ್ಲ’ ಅನ್ನುವ ದೂರು ಬಂದರೆ (ಹಾಟ್‌ಕೀ ಅಂದರೆ ಒಟ್ಟಿಗೆ ಒತ್ತಿ ಒಂದು ಕೆಲಸ ಮಾಡಿಸುವ ಕೀಗಳ ಜೋಡಿ) ಮೊದಲು ಇಲ್ಲಿ ಹುಡುಕಿ.

ಪರಿಹಾರ ಸುಲಭ. ಫಂಕ್ಷನ್‌ನಲ್ಲಿ ಘಟನೆಯನ್ನು ಒಂದು ಕ್ಯೂಗೆ ಹಾಕಿ ತಕ್ಷಣ ಹೊರಬನ್ನಿ. ಉಳಿದ ಕೆಲಸವೆಲ್ಲ ಇನ್ನೊಂದು ಥ್ರೆಡ್‌ನಲ್ಲಿ ನಡೆಯಲಿ. ಆ ಥ್ರೆಡ್ ಭಾರೀ ಲೆಕ್ಕಾಚಾರ ಮಾಡುವಂಥದ್ದಾದರೆ ಬೇರೆ ಪ್ರೊಸೆಸ್‌ಗೇ ಕಳಿಸಿ, ಯಾಕೆಂದರೆ ಪೈಥಾನ್‌ನ ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಓಡಲು ಬಿಡುವ ಬೀಗ) ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಕೈ ಬದಲಾಗಲು ಸಾಮಾನ್ಯವಾಗಿ 5 ಮಿಲಿಸೆಕೆಂಡ್ ಕಾಯುತ್ತದೆ. ಸೆಕೆಂಡಿಗೆ 1000 ಸಲ ವರದಿ ಮಾಡುವ ಗೇಮಿಂಗ್ ಮೌಸ್ ಇದ್ದರೆ ಅಷ್ಟರಲ್ಲಿ 5 ಚಲನೆಗಳು ಸಾಲು ನಿಂತಿರುತ್ತವೆ, ಕರ್ಸರ್ ಜಗ್ಗಿದಂತೆ ಓಡುತ್ತದೆ. ನಿಮಗೆ ಬೇಕಿರುವುದು ಕ್ಲಿಕ್ ಮಾತ್ರ ಆದರೂ ಹುಕ್ ಪ್ರತಿಯೊಂದು ಚಲನೆಯನ್ನೂ ಪೈಥಾನ್ ಮೂಲಕವೇ ಹಾಯಿಸುತ್ತದೆ. ಹಾಗಾಗಿ ಬೇಡವಾದಾಗ ಮೌಸ್ ಲಿಸನರ್ ನಿಲ್ಲಿಸಿಡುವುದೇ ಸರಿ. ಡೀಬಗ್ಗರ್‌ನಲ್ಲಿ ಈ ಫಂಕ್ಷನ್ ಒಳಗೆ ಬ್ರೇಕ್‌ಪಾಯಿಂಟ್ ಇಡಲೇಬೇಡಿ: ಮುಂದಿನ ಹೆಜ್ಜೆಯ ಬಟನ್ ಒತ್ತಲು ಬೇಕಾದ ಮೌಸೇ ಅಲ್ಲಿ ಸಿಕ್ಕಿಬಿದ್ದಿರುತ್ತದೆ. ಲಾಗ್ ಬರೆದು ನೋಡಿ.

ಕನ್ನಡಕ್ಕೆ ಬಂದರೆ ಚಿತ್ರ ಮಿಶ್ರವಾಗಿದೆ. ಕಂಟ್ರೋಲರ್‌ನ ಟೈಪ್ ವಿಧಾನಕ್ಕೆ ‘ಕನ್ನಡ’ ಅಂತ ಕೊಟ್ಟರೆ ವಿಂಡೋಸ್‌ನಲ್ಲಿ ಇಂಗ್ಲಿಷ್ ಕೀಬೋರ್ಡ್ ಲೇಔಟ್ ಇದ್ದಾಗಲೂ ಯೂನಿಕೋಡ್ ಆಗಿ ಹೋಗುತ್ತದೆ. ಲಿನಕ್ಸ್‌ನ ಹಳೆಯ ಪರದೆ ವ್ಯವಸ್ಥೆಯಾದ ಎಕ್ಸ್‌ಆರ್ಗ್ ಮೇಲೆ ದಾರಿ ಬೇರೆ. ಲೇಔಟ್‌ನಲ್ಲಿ ಇಲ್ಲದ ಅಕ್ಷರಕ್ಕೆ ಖಾಲಿ ಕೀಕೋಡ್ ಒಂದನ್ನು ಎರವಲು ಪಡೆದು, ಅದಕ್ಕೆ ಆ ಅಕ್ಷರ ಹಚ್ಚಿ, ಆಮೇಲೆ ಒತ್ತುತ್ತದೆ. ಎದುರಿನ ಆ್ಯಪ್ ಹೊಸ ನಕ್ಷೆ ಓದುವಷ್ಟರಲ್ಲಿ ಮುಂದಿನ ಅಕ್ಷರ ಬಂದರೆ ತಪ್ಪು ಅಕ್ಷರ ಬೀಳುತ್ತದೆ. ಅಕ್ಷರಕ್ಕೊಮ್ಮೆ 0.02 ರಿಂದ 0.05 ಸೆಕೆಂಡ್ ಬಿಡುವು ಕೊಟ್ಟು ನೋಡಿ. ಉದ್ದದ ಪಠ್ಯವಾದರೆ ಕ್ಲಿಪ್‌ಬೋರ್ಡ್‌ಗೆ ಹಾಕಿ ಪೇಸ್ಟ್ ಒತ್ತಿಸುವುದೇ ಲೇಸು.

ಕೇಳಿಸಿಕೊಳ್ಳುವ ಕಡೆ ಎಚ್ಚರ ಬೇಕು. ಫೊನೆಟಿಕ್ ಐಎಂಇ (ಇಂಗ್ಲಿಷ್ ಕೀಗಳನ್ನು ಉಚ್ಚಾರದಂತೆ ಕನ್ನಡಕ್ಕೆ ತಿರುಗಿಸುವ ಸಾಧನ) ಬಳಸುವವರು ‘ಅಮ್ಮ’ ಎಂದು ಟೈಪ್ ಮಾಡಿದಾಗ ಹುಕ್‌ಗೆ ಕಾಣುವುದು ಇಂಗ್ಲಿಷ್ ಕೀಗಳು ಮಾತ್ರ, ಏಕೆಂದರೆ ಐಎಂಇ ಕೆಲಸ ಶುರುವಾಗುವುದು ಅದಾದ ಮೇಲೆ. ಇನ್‌ಸ್ಕ್ರಿಪ್ಟ್ ಲೇಔಟ್‌ನಲ್ಲಾದರೆ ಲೈಬ್ರರಿ ಲೇಔಟ್ ನೋಡಿಯೇ ಅಕ್ಷರ ಕೊಡುವುದರಿಂದ ಕೆ ಕೀಗೆ ‘ಕ’ ಬರುತ್ತದೆ. ಇದರ ಪರಿಣಾಮ ಗ್ಲೋಬಲ್ ಹಾಟ್‌ಕೀ ಮೇಲೆ. ಕಂಟ್ರೋಲ್, ಆಲ್ಟ್, ಎಚ್ ಅಂತ ಹಾಟ್‌ಕೀ ನೋಂದಾಯಿಸಿದ್ದರೆ, ಲೇಔಟ್ ಕನ್ನಡಕ್ಕೆ ತಿರುಗಿದ ಗಳಿಗೆಯಲ್ಲಿ ಎಚ್ ಜಾಗದಲ್ಲಿ ‘ಪ’ ಬಂದು ಹೊಂದಾಣಿಕೆ ತಪ್ಪುತ್ತದೆ. ಕನ್ನಡ ಬಳಕೆದಾರರಿಗೆ ಸಾಧನ ಮಾಡುವವರು ಸಿದ್ಧ ಹಾಟ್‌ಕೀ ಕ್ಲಾಸ್ ಬಿಟ್ಟು, ಕೀ ಒತ್ತುವ ಫಂಕ್ಷನ್‌ನಲ್ಲಿ ವರ್ಚುವಲ್ ಕೀ ಸಂಖ್ಯೆಯನ್ನೇ (ಅಕ್ಷರ ಯಾವುದಾದರೂ ಆ ಕೀಗೆ ಸಿಸ್ಟಂ ಕೊಟ್ಟ ಸಂಖ್ಯೆ) ಹೋಲಿಸಲಿ. ವಿಂಡೋಸ್‌ನಲ್ಲಿ ಎಚ್ ಕೀಗೆ ಅದು 72. ಇಂಗ್ಲಿಷ್ ಲೇಔಟ್‌ನಲ್ಲೂ ಅಕ್ಷರ ನೋಡುವುದರಲ್ಲಿ ತೊಂದರೆ ಇದೆ: ಕಂಟ್ರೋಲ್ ಹಿಡಿದು ಸಿ ಒತ್ತಿದರೆ ಅಕ್ಷರದ ಜಾಗದಲ್ಲಿ ಸಿ ಬದಲು 3ನೇ ನಿಯಂತ್ರಣ ಸಂಕೇತ ಬರುತ್ತದೆ. ಶಿಫ್ಟ್, ಎಂಟರ್‌ನಂಥ ಕೀಗಳಿಗೆ ಅಕ್ಷರದ ಗುಣವೇ ಇಲ್ಲ, ಕೇಳಿದರೆ ಆಟ್ರಿಬ್ಯೂಟ್ ಎರರ್.

ಟೆಕ್ಸ್ಟ್ ಎಕ್ಸ್‌ಪ್ಯಾಂಡರ್ (ಟೈಪ್ ಮಾಡಿದ ಚಿಕ್ಕ ರೂಪ ಅಳಿಸಿ ಪೂರ್ಣ ಪಠ್ಯ ತುಂಬುವ ಸಾಧನ) ಬರೆಯುವವರು ಬ್ಯಾಕ್‌ಸ್ಪೇಸ್ ಲೆಕ್ಕ ತಪ್ಪಬಾರದು. ‘ಕನ್ನಡ’ ಕಣ್ಣಿಗೆ 3 ಅಕ್ಷರ, ಪೈಥಾನ್‌ನ ಎಣಿಕೆಯಲ್ಲಿ 5: ಕ, ನ, ಹಲಂತ, ನ, ಡ. ‘ಜ್ಞ’ ಒಂದೇ ಅಕ್ಷರವಾಗಿ ಕಂಡರೂ 3. ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿದರೆ ಒಂದು ಸಂಕೇತ ಹೋಗುತ್ತದೋ ಪೂರ್ತಿ ಒತ್ತಕ್ಷರ ಹೋಗುತ್ತದೋ ಎಂಬುದನ್ನು ನಿರ್ಧರಿಸುವುದು ಎದುರಿನ ಎಡಿಟರ್, ಪೈನ್‌ಪುಟ್ ಅಲ್ಲ. ಬಳಕೆದಾರರು ಯಾವ ಆ್ಯಪ್‌ನಲ್ಲಿ ಬರೆಯುತ್ತಾರೋ ಅಲ್ಲೇ ಪರೀಕ್ಷಿಸಬೇಕು. ನೀವೇ ಕಳಿಸಿದ ಕೀಗಳು ನಿಮ್ಮದೇ ಲಿಸನರ್‌ಗೆ ಮರಳಿ ಬಂದು ಸುತ್ತು ಹಾಕುವ ಕಾಟವೂ ಇತ್ತು, 1.8 ಆವೃತ್ತಿಯಿಂದ ಫಂಕ್ಷನ್‌ಗೆ ಇಂಜೆಕ್ಟೆಡ್ ಎಂಬ ಹೆಚ್ಚುವರಿ ಮಾಹಿತಿ ಸಿಗುತ್ತದೆ, ಅದು ನಿಜವಾಗಿದ್ದರೆ ಬಿಟ್ಟುಬಿಡಿ. ಹೊಸ ಆವೃತ್ತಿಗೆ ಹೋಗಲು ಇದೊಂದೇ ಕಾರಣ ಸಾಕು.

ಕೀ ಹಿಡಿದೇ ಇದ್ದರೆ ಒತ್ತಿದ ಘಟನೆ ಮತ್ತೆ ಮತ್ತೆ ಬರುತ್ತದೆ, ‘ಇದು ಪುನರಾವರ್ತನೆ’ ಎಂಬ ಗುರುತಿಲ್ಲದೆ. ಒತ್ತಿರುವ ಕೀಗಳ ಒಂದು ಸೆಟ್ ಇಟ್ಟುಕೊಂಡು, ಈಗಾಗಲೇ ಅದರಲ್ಲಿದ್ದರೆ ಕಡೆಗಣಿಸಿ. ಆದರೆ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಸ್ಕ್ರೀನ್ ಲಾಕ್ ಮಾಡಿದರೆ, ಅಥವಾ ಅನುಮತಿ ಕೇಳುವ ಕಪ್ಪು ಪರದೆ ಬಂದರೆ, ಕೀ ಬಿಟ್ಟ ಘಟನೆ ನಿಮಗೆ ತಲುಪುವುದಿಲ್ಲ. ಸೆಟ್‌ನಲ್ಲಿ ಆ ಕೀ ಒತ್ತಿದಂತೆಯೇ ಉಳಿದು, ಆಮೇಲೆ ಹಾಟ್‌ಕೀಯ ಇನ್ನೊಂದು ಕೀ ಒತ್ತಿದರೆ ಸಾಕು, ಹಾಟ್‌ಕೀ ತಪ್ಪಾಗಿ ಓಡಿಬಿಡುತ್ತದೆ. ಪ್ರತಿ ಸಲ ಹೊಂದಾಣಿಕೆ ನೋಡುವ ಮೊದಲು ಮಾಡಿಫೈಯರ್‌ಗಳ (ಕಂಟ್ರೋಲ್, ಆಲ್ಟ್, ಶಿಫ್ಟ್‌ನಂಥ ಕೀಗಳ) ನಿಜ ಸ್ಥಿತಿಯನ್ನು ಸಿಸ್ಟಂನಿಂದಲೇ ಕೇಳಿ ಸೆಟ್ ಸರಿಪಡಿಸಿಕೊಳ್ಳಿ. ಅಡ್ಮಿನ್ ಆಗಿ ಓಡುವ ವಿಂಡೋ ಮುಂದಿದ್ದಾಗಲೂ ಸಾಮಾನ್ಯ ಹಕ್ಕಿನ ಸ್ಕ್ರಿಪ್ಟ್‌ಗೆ ಏನೂ ಕೇಳಿಸುವುದಿಲ್ಲ.

ಕೀಬೋರ್ಡ್ ಲಿಸನರ್‌ಗೆ ಸಪ್ರೆಸ್ ಆಯ್ಕೆ ಹಾಕಿದರೆ ಎಲ್ಲ ಕೀಗಳೂ ಬೇರೆ ಆ್ಯಪ್ ತಲುಪದೆ ನಿಮ್ಮಲ್ಲೇ ನಿಲ್ಲುತ್ತವೆ. ಹೊರಬರುವ ಕೀ ಬರೆಯದೆ ಓಡಿಸಿದರೆ ವಿಂಡೋಸ್‌ನಲ್ಲಿ ಕೀಬೋರ್ಡ್‌ನಿಂದ ಹೊರಬರಲು ಉಳಿಯುವ ಖಚಿತ ದಾರಿ ಕಂಟ್ರೋಲ್-ಆಲ್ಟ್-ಡಿಲೀಟ್. ಕ್ಯಾಪ್ಸ್ ಲಾಕ್ ಒಂದನ್ನೇ ತಡೆಯಬೇಕಾದರೆ ವಿಂಡೋಸ್‌ಗಾಗಿ ಇರುವ ಇವೆಂಟ್ ಫಿಲ್ಟರ್ ಬಳಸಿ, ಕೀ ಸಂಖ್ಯೆ 20 ಇದ್ದಾಗ ಮಾತ್ರ ತಡೆಯಿರಿ. ಅದು ತಡೆದ ಘಟನೆ ನಿಮ್ಮ ಮಾಮೂಲಿ ಫಂಕ್ಷನ್‌ಗೂ ಬರುವುದಿಲ್ಲ ಎಂಬುದು ನೆನಪಿರಲಿ.

ಮೌಸ್ ಭಾಗ ಇಷ್ಟು ಗಟ್ಟಿಯಾಗಿಲ್ಲ. ಡಿಸ್‌ಪ್ಲೇ ಸ್ಕೇಲಿಂಗ್ 125 ಅಥವಾ 150 ಶೇಕಡಾ ಇದ್ದರೆ ಲಿಸನರ್ ಕೊಡುವ ಸ್ಥಾನ ನಿಜವಾದ ಪಿಕ್ಸೆಲ್‌ನದು, ಕಂಟ್ರೋಲರ್ ನಂಬುವ ಸ್ಥಾನ ಸ್ಕೇಲ್ ಆದದ್ದು. ರೆಕಾರ್ಡ್ ಮಾಡಿದ ಕ್ಲಿಕ್ ಮರಳಿ ಓಡಿಸಿದಾಗ ಬೇರೆಲ್ಲೋ ಬೀಳುವುದು ಇದರಿಂದಲೇ. ಪ್ರೋಗ್ರಾಂ ಶುರುವಿನಲ್ಲೇ ಸಿಟೈಪ್ಸ್ (ವಿಂಡೋಸ್‌ನ ಫಂಕ್ಷನ್ ಕರೆಯುವ ಪೈಥಾನ್ ಮಾಡ್ಯೂಲ್) ಮೂಲಕ ಪ್ರೊಸೆಸ್‌ನ ಡಿಪಿಐ ಅರಿವನ್ನು (ಸ್ಕೇಲ್ ಆಗದ ನಿಜ ಪಿಕ್ಸೆಲ್ ಬಳಸುವ ಸೆಟ್ಟಿಂಗ್) 2ಕ್ಕೆ ಇಟ್ಟರೆ ಎರಡೂ ಒಂದಾಗುತ್ತವೆ. ಚಕ್ರದ ಒಂದು ಹಲ್ಲಿಗೆ ವಿಂಡೋಸ್ 120 ಎಂದು ಕೊಡುತ್ತದೆ, ಪೈನ್‌ಪುಟ್ ಅದನ್ನು ಭಾಗಿಸಿ ಪೂರ್ಣಾಂಕವಾಗಿಸುತ್ತದೆ. ಹಾಗಾಗಿ ಟಚ್‌ಪ್ಯಾಡ್‌ನ ನಯವಾದ ಸ್ಕ್ರಾಲ್ ಅಳೆಯಲು ಇದು ಬೇಡ.

ಮ್ಯಾಕ್‌ನಲ್ಲಿ ಪ್ರೈವಸಿ ಸೆಟ್ಟಿಂಗ್‌ನ ಆಕ್ಸೆಸಿಬಿಲಿಟಿ ಮತ್ತು ಇನ್‌ಪುಟ್ ಮಾನಿಟರಿಂಗ್ ಅನುಮತಿ ಬೇಕು. ಟರ್ಮಿನಲ್‌ನಿಂದ ಓಡಿಸಿದರೆ ಅನುಮತಿ ಟರ್ಮಿನಲ್‌ಗೇ ಕೊಡಬೇಕು. ಪಾಸ್‌ವರ್ಡ್ ಬರೆಯುವಾಗ ಕೀಗಳು ಬರುವುದಿಲ್ಲ, ಅದು ಸರಿಯಾದದ್ದೇ. ಲಿನಕ್ಸ್‌ನಲ್ಲಿ ಮೊದಲು ಸೆಷನ್ ವೇಲ್ಯಾಂಡ್ (ಎಕ್ಸ್‌ಆರ್ಗ್ ಬದಲು ಬಂದ ಹೊಸ ಪರದೆ ವ್ಯವಸ್ಥೆ) ಹೌದೋ ಅಲ್ಲವೋ ನೋಡಿ. ಹೌದಾದರೆ ಹಳೆಯ ಎಕ್ಸ್ ಆ್ಯಪ್‌ಗಳು ಮುಂದಿದ್ದಾಗ ಮಾತ್ರ ಘಟನೆ ಸಿಗುತ್ತದೆ. ಕರ್ನಲ್ ಮೂಲಕ ನೇರ ಕೆಲಸ ಮಾಡುವ ಯುಇನ್‌ಪುಟ್ ಬ್ಯಾಕೆಂಡ್ ಎಂಬ ಬದಲಿ ಇದೆ, ಆದರೆ ಅದಕ್ಕೆ ರೂಟ್ ಹಕ್ಕು ಬೇಕು, ಮೌಸ್ ಬೆಂಬಲವೂ ಇಲ್ಲ. ಇನ್‌ಸ್ಟಾಲ್ ಮಾಡುವಾಗ ಪೈನ್‌ಪುಟ್‌ಗೆ ಲಿನಕ್ಸ್‌ನಲ್ಲಿ ಬೇಕಾದ ಇವ್‌ಡೆವ್ ಲೈಬ್ರರಿ ಕಂಪೈಲ್ ಆಗದೆ ನಿಂತರೆ ಕೊರತೆ ಇರುವುದು ಜಿಸಿಸಿ, ಕರ್ನಲ್ ಹೆಡರ್ ಅಥವಾ ಪೈಥಾನ್ ಹೆಡರ್ ಪ್ಯಾಕೇಜ್‌ಗಳದ್ದು.

ವಿಂಡೋಸ್‌ನಲ್ಲಿ ಹಾಟ್‌ಕೀ ಸಾಧನ, ಕನ್ನಡ ಟೆಕ್ಸ್ಟ್ ಎಕ್ಸ್‌ಪ್ಯಾಂಡರ್, ಆಟೊಮೇಷನ್ ಮಾಡುವವರು ನಿಶ್ಚಿಂತೆಯಿಂದ ತೆಗೆದುಕೊಳ್ಳಬಹುದು. ವೇಲ್ಯಾಂಡ್ ಬಳಕೆದಾರರಿಗೆ ಕೊಡುವ ಉತ್ಪನ್ನಕ್ಕೆ ಇದನ್ನು ಆಧಾರ ಮಾಡಬೇಡಿ. ಇನ್ನೊಬ್ಬರ ಗಣಕದಲ್ಲಿ ಓಡಿಸುವುದಿದ್ದರೆ ಅವರಿಗೆ ಹೇಳಿ, ಒಪ್ಪಿಗೆ ಪಡೆದೇ ಓಡಿಸಿ. ಒತ್ತಿದ ಕೀಗಳನ್ನು ಫೈಲಿಗೆ ಉಳಿಸಬೇಡಿ. ನಿಮ್ಮದೇ ವಿಂಡೋ ಒಳಗಿನ ಕೀ ಸಾಕೆಂದಾದರೆ ಪೈನ್‌ಪುಟ್ ಅಗತ್ಯವೇ ಇಲ್ಲ: ಪೈಥಾನ್ ಜೊತೆಗೇ ಬರುವ ವಿಂಡೋ ಲೈಬ್ರರಿ ಟಿಕೆ-ಇಂಟರ್‌ನ ಬೈಂಡ್ ಸಾಕು. ಆಟ ಬರೆಯುವ ಲೈಬ್ರರಿ ಪೈಗೇಮ್‌ನಲ್ಲಾದರೆ ಆಟದ ನಿಯಂತ್ರಣಕ್ಕೆ ಕೀಡೌನ್, ಕನ್ನಡ ಪಠ್ಯ ಪಡೆಯಲು ಟೆಕ್ಸ್ಟ್‌ಇನ್‌ಪುಟ್ ಘಟನೆ ಬಳಸಿ.